ಬಂಡೀಪುರದ ಬೆಂಕಿ: ಮತ್ತೆ ಫೆಬ್ರವರಿ ಬಂತು, 2019ರಿಂದ ನಿಜಕ್ಕೂ ಏನು ಬದಲಾಗಿದೆ?

ಹಂಗಳದ ಹುಡುಗ
ಗುಂಡ್ಲುಪೇಟೆ ಕಡೆಯವನು ನಾನು. ಹುಲ್ಲು ಆಗಲೇ ಒಣಗಿ ಬೆಳ್ಳಗಾಗಿದೆ. ಹನ್ನೆರಡು ಗಂಟೆ ದಾಟಿದರೆ ಗಾಳಿ ಜೋರಾಗುತ್ತದೆ. ಗೋಪಾಲಸ್ವಾಮಿ ಬೆಟ್ಟದ ಕಡೆ ಒಂದು ಎಳೆ ಹೊಗೆ ಕಂಡರೂ ನಮ್ಮೂರಲ್ಲಿ ಕೈಲಿದ್ದ ಕೆಲಸ ನಿಲ್ಲುತ್ತದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. 2019ರ ಫೆಬ್ರವರಿ 21ರ ಹೊತ್ತಿಗೆ ಕುಂದುಕೆರೆ, ಗೋಪಾಲಸ್ವಾಮಿ ಬೆಟ್ಟ ವಲಯದ ಕಡೆ ಬೆಂಕಿ ಶುರುವಾಯಿತು. ನೋಡನೋಡುತ್ತಿದ್ದಂತೆ ಬೆಟ್ಟಕ್ಕೆ ಬೆಟ್ಟವೇ ಹತ್ತಿಕೊಂಡಿತು. ಊಟಿ ರಸ್ತೆಯಲ್ಲಿ ಹೊಗೆ ಕವಿಯಿತು, ಸಫಾರಿ ನಿಲ್ಲಿಸಿದರು. 25ಕ್ಕೆ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಂದು ನೀರು ಸುರಿದವು. ಅದೇ ವಾರ ಯಲಹಂಕದ ವೈಮಾನಿಕ ಪ್ರದರ್ಶನದ ಪಾರ್ಕಿಂಗ್‌ನಲ್ಲಿ ನೂರಾರು ಕಾರು ಸುಟ್ಟವಲ್ಲ, ಟಿವಿಯಲ್ಲಿ ಎರಡೂ ಬೆಂಕಿ ಒಟ್ಟೊಟ್ಟಿಗೆ ಬರುತ್ತಿತ್ತು.

ನನ್ನ ಪ್ರಶ್ನೆ ಮೂರು. ಬೆಂಕಿ ಹಚ್ಚುವವರು ಯಾರು, ಯಾಕೆ? ಸುಟ್ಟ ಕಾಡು ನಿಜವಾಗಿ ಚೇತರಿಸಿಕೊಳ್ಳುತ್ತದಾ? ನಮ್ಮಂಥ ಕಾಡಂಚಿನ ಊರಿನವರು ಈ ತಿಂಗಳಲ್ಲಿ ಏನು ಮಾಡಬಹುದು? ನಮ್ಮ ಮಾವ ಒಬ್ಬರು "ಬೆಂಕಿ ಬಿದ್ದರೆ ಒಳ್ಳೆಯದೇ, ಹೊಸ ಹುಲ್ಲು ಬರುತ್ತದೆ" ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಆದರೆ ಎದುರು ಮಾತಾಡುವಷ್ಟು ವಿಷಯ ಗೊತ್ತಿಲ್ಲ. ತಿಳಿದವರು ಹೇಳಿ.

ಮೈಸೂರು ಮಲ್ಲಿಗೆಬಳ್ಳಿ
ಆಗ ಅರ್ಧ ಬಂಡೀಪುರ ಸುಟ್ಟುಹೋಯಿತು ಅಲ್ವಾ? ಆ ಸುಟ್ಟ ಮೊಲ, ಮಂಗದ ಫೋಟೋ ನೋಡಿ ನಮ್ಮ ಮನೆಯಲ್ಲಿ ಮಕ್ಕಳು ಅತ್ತುಬಿಟ್ಟಿದ್ದರು.

ಮತ್ತಿಮರ
ಮೇಡಂ, ಅರ್ಧ ಅಲ್ಲ. ಉಪಗ್ರಹ ಚಿತ್ರದ ಲೆಕ್ಕದಲ್ಲಿ ಸುಟ್ಟಿದ್ದು ಸುಮಾರು 4,400 ಹೆಕ್ಟೇರ್. ಅಂದರೆ ಹತ್ತಿರ ಹತ್ತಿರ 11 ಸಾವಿರ ಎಕರೆ, 44 ಚದರ ಕಿಲೋಮೀಟರ್. ಆಗ ಬಂಡೀಪುರ ಹುಲಿ ಯೋಜನೆಯ ವಿಸ್ತೀರ್ಣ 900 ಚದರ ಕಿಲೋಮೀಟರ್ ಆಸುಪಾಸು. ನೂರಕ್ಕೆ ಐದು ಪಾಲು ಅನ್ನಿ.

ಐದೇ ಪಾಲು ಅಂತ ಹಗುರವಾಗಿ ತೆಗೆದುಕೊಳ್ಳುವ ಹಾಗೂ ಇಲ್ಲ. ಒಂದೇ ಕಡೆ, ಒಂದೇ ವಾರದಲ್ಲಿ ಅಷ್ಟು ಹೋಗಿದ್ದು. ಗೋಪಾಲಸ್ವಾಮಿ ಬೆಟ್ಟ ವಲಯಕ್ಕೇ ಹೆಚ್ಚು ಪೆಟ್ಟು ಬಿತ್ತು.

ಇನ್ನು ಆ ಫೋಟೋಗಳು. ತುಂಬಾ ಫೋಟೋಗಳು ಬಂಡೀಪುರದವೇ ಅಲ್ಲ. ಬೇರೆ ದೇಶದ, ಬೇರೆ ವರ್ಷದ ಚಿತ್ರಗಳನ್ನು ಬಂಡೀಪುರ ಅಂತ ಹೆಸರು ಹಾಕಿ ಹಂಚಿದರು. ಆಮೇಲೆ ಪತ್ರಿಕೆಗಳು ಹುಡುಕಿ ಬರೆದವು.

ಮೈಸೂರು ಮಲ್ಲಿಗೆಬಳ್ಳಿ
ಹಾಗಾದರೆ ಪ್ರಾಣಿಗಳು ಸಾಯಲಿಲ್ಲವಾ?

ಮತ್ತಿಮರ
ದೊಡ್ಡ ಪ್ರಾಣಿಗಳು ಓಡುತ್ತವೆ. ಆನೆ, ಕಾಟಿ, ಜಿಂಕೆಗೆ ಹೊಗೆಯ ವಾಸನೆ ನಮಗಿಂತ ಮುಂಚೆ ಸಿಗುತ್ತದೆ. ಸಾಯುವುದು ಓಡಲಾಗದವು. ಹಾವು, ಓತಿ, ಆಮೆ, ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳ ಮರಿ, ಲೆಕ್ಕವೇ ಇಲ್ಲದಷ್ಟು ಹುಳುಹುಪ್ಪಟೆ. ಇವುಗಳ ಫೋಟೋ ಯಾರೂ ತೆಗೆಯುವುದಿಲ್ಲ. ಸುಟ್ಟ ಜಾಗದಲ್ಲಿ ನಡೆದವರಿಗೆ ಗೊತ್ತಿರುತ್ತದೆ. ಕರಿ ಬೂದಿ ಮೇಲೆ ಬೆಳ್ಳಗೆ ಬಸವನಹುಳುವಿನ ಚಿಪ್ಪು ಚೆಲ್ಲಿರುತ್ತದೆ. ಕಾಲಿಟ್ಟರೆ ಪುಡಿಪುಡಿಯಾಗುತ್ತದೆ.

ಪ್ರಶ್ನೆ ಪೆಟ್ಟಿಗೆ
ಬೇಸಿಗೆ ಬಿಸಿಲಿಗೆ ತಾನಾಗೇ ಹತ್ತಿಕೊಳ್ಳುತ್ತದೆ ಅಂತಾರಲ್ಲ? ಬಿದಿರಿಗೆ ಬಿದಿರು ಉಜ್ಜಿ ಕಿಡಿ ಬರುತ್ತದೆ ಅಂತ ಶಾಲೆಯಲ್ಲಿ ಓದಿದ್ದೆವು.

ಕಲ್ಕೆರೆ ಕಾವಲು
ಅದು ಶಾಲೆ ಪುಸ್ತಕದಲ್ಲೇ ಇರಲಿ. ನಾನು ಬೆಂಕಿ ಕಾವಲಿನ ಕೆಲಸ ಮಾಡಿದವನು. ಬಿದಿರು ಉಜ್ಜಿ ಬೆಂಕಿ ಎದ್ದಿದ್ದನ್ನು ನಾನೂ ನೋಡಿಲ್ಲ, ನಮ್ಮ ಜೊತೆಗಿದ್ದ ಹಿರಿಯರೂ ನೋಡಿಲ್ಲ. ಸಿಡಿಲಿನಿಂದ ಹತ್ತಬಹುದು. ಆದರೆ ನಮ್ಮ ಕಡೆ ಸಿಡಿಲು ಬರುವುದೇ ಮಳೆ ಜೊತೆ. ಫೆಬ್ರವರಿಯ ಬೆಂಕಿಗೆ ಮನುಷ್ಯನೇ ಕಾರಣ.

ಯಾಕೆ ಅಂದರೆ ಒಂದೇ ಕಾರಣ ಇಲ್ಲ. ಬೀಡಿ ಎಸೆಯುವವರು ಇದ್ದಾರೆ. ರಸ್ತೆ ಬದಿ ಗಾಡಿ ನಿಲ್ಲಿಸಿ ಅಡುಗೆ ಮಾಡುವವರು ಇದ್ದಾರೆ. ಉದುರಿದ ಜಿಂಕೆ ಕೊಂಬು ಬೇಗ ಕಣ್ಣಿಗೆ ಬೀಳಲಿ ಅಂತ ತರಗು ಸುಡುವವರು ಇದ್ದಾರೆ. ದನಕ್ಕೆ ಹೊಸ ಹುಲ್ಲು ಬರಲಿ ಅಂತ ಹಚ್ಚುವವರು, ದನ ಮೇಯಿಸುವ ಜಾಗದಲ್ಲಿ ಹುಲಿ ಕೂತಿದೆ, ಪೊದೆ ಬೋಳಾಗಲಿ ಅಂತ ಹಚ್ಚುವವರು, ಯಾರ ಮೇಲೋ ಸಿಟ್ಟಿಗೆ ಹಚ್ಚುವವರು. 2019ರಲ್ಲೂ ಅನುಮಾನದ ಮೇಲೆ ಕೆಲವರನ್ನು ಹಿಡಿದಿದ್ದರು.

ಐಟಿ ಕಾರಿಡಾರ್
ಹಾಗಾದರೆ ಸುತ್ತ ಇರುವ ಹಳ್ಳಿಗಳನ್ನೆಲ್ಲ ಬೇರೆ ಕಡೆ ಕಳಿಸಿಬಿಡಬೇಕು. ಕಾಡು ಉಳಿಯಬೇಕು ಅಂದರೆ ಬೇರೆ ದಾರಿ ಇಲ್ಲ.

ರಾಗಿ ಹೊಲ
ಐಟಿ ಕಾರಿಡಾರ್ ಅವರೇ, ನಮ್ಮ ಅಜ್ಜನ ಕಾಲದಿಂದ ಇಲ್ಲಿ ಉಳುತ್ತಿದ್ದೇವೆ. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರುವ ಮೊದಲೇ ನಮ್ಮ ಊರು ಇತ್ತು. ಕೆಲವು ಸಾವಿರ ಹೊಲಗಳಲ್ಲಿ ಯಾರೋ ಒಬ್ಬ ಮಾಡಿದ್ದಕ್ಕೆ ಎಲ್ಲರನ್ನೂ ಎತ್ತಿ ಹಾಕಬೇಕಾ?

ಒಂದು ವಿಷಯ ಹೇಳುತ್ತೇನೆ, ಸಮಾಧಾನವಾಗಿ ಕೇಳಿ. ರಾತ್ರಿಯೆಲ್ಲ ಮರದ ಮೇಲೆ ಅಟ್ಟಣೆಯಲ್ಲಿ ಕೂತು ಹೊಲ ಕಾಯುತ್ತೇವೆ. ಸ್ವಲ್ಪ ಕಣ್ಣು ಮುಚ್ಚಿದರೆ ಆನೆ ಇಳಿದು ಮುಸುಕಿನ ಜೋಳ ಮುಗಿಸಿರುತ್ತದೆ. ಹುಲಿ ಹಸು ಹೊಡೆದರೆ ಅರ್ಜಿ, ಫೋಟೋ, ಪಹಣಿ ಅಂತ ಓಡಾಟ. ದುಡ್ಡು ಬರುವಷ್ಟರಲ್ಲಿ ಸಾಲದ ಬಡ್ಡಿ ಬೆಳೆದಿರುತ್ತದೆ. ಇದನ್ನು ನಾನು ಬೆಂಕಿ ಹಚ್ಚಿದವರ ಪರವಾಗಿ ಹೇಳುತ್ತಿಲ್ಲ. ಹಚ್ಚಿದವನಿಗೆ ಶಿಕ್ಷೆ ಆಗಲಿ. ಆದರೆ ಕಾಡಿನ ಮೇಲೆ ಊರಿನವರಿಗೆ ಪ್ರೀತಿ ಉಳಿಯಬೇಕಾದರೆ ನಮ್ಮ ನಷ್ಟವನ್ನೂ ಯಾರಾದರೂ ಹೊತ್ತಿಗೆ ಸರಿಯಾಗಿ ಕೇಳಬೇಕು.

ಇನ್ನೊಂದು ಮಾತು. 2019ರಲ್ಲಿ ಬೆಂಕಿ ಆರಿಸಲು ಮೊದಲು ಓಡಿದವರು ಯಾರು? ನಮ್ಮ ಊರಿನ ಹುಡುಗರೇ.

ಐಟಿ ಕಾರಿಡಾರ್
ನಿಮ್ಮ ನಷ್ಟ ಅರ್ಥವಾಗುತ್ತದೆ. ಆದರೂ ಅಂಚಿನ ಹಳ್ಳಿಗಳ ದನ ಕಾಡೊಳಗೆ ಹೋಗುವುದು ನಿಲ್ಲದೆ ಇದು ಮುಗಿಯಲ್ಲ ಅನ್ನುವ ಮಾತನ್ನು ಬಿಡಲ್ಲ.

ರಾಗಿ ಹೊಲ
ಗೋಮಾಳ ಎಲ್ಲಿ ಉಳಿಸಿದ್ದೀರಿ? ನಮ್ಮ ಗೋಮಾಳದ ಪಕ್ಕ ರೆಸಾರ್ಟ್ ಕಾಂಪೌಂಡ್ ಎದ್ದಿದೆ. ದನ ಆಕಾಶದಲ್ಲಿ ಮೇಯಬೇಕಾ?

ಪ್ರಶ್ನೆ ಪೆಟ್ಟಿಗೆ
ಕಲ್ಕೆರೆ ಕಾವಲು ಅಣ್ಣ, ಬೆಂಕಿಯನ್ನು ನಿಜವಾಗಿ ಹೇಗೆ ಆರಿಸುತ್ತೀರಿ? ಫೈರ್ ಎಂಜಿನ್ ಒಳಗೆ ಹೋಗುತ್ತದಾ?

ಕಲ್ಕೆರೆ ಕಾವಲು
ರಸ್ತೆ ಇರುವ ತನಕ ಹೋಗುತ್ತದೆ. ಬೆಟ್ಟದ ಮೇಲೆ, ಹಳ್ಳದಲ್ಲಿ, ಲಂಟಾನ ಅನ್ನುವ ಕಳೆಗಿಡದ ಪೊದೆ ನಡುವೆ ಅದು ಹೋಗಲಾರದು. ಅಲ್ಲಿ ಕೈಯಲ್ಲಿ ಹಸಿ ಸೊಪ್ಪು. ಎಲೆ ದಟ್ಟವಾಗಿರುವ ಕೊಂಬೆ ಮುರಿದುಕೊಂಡು ಸಾಲಾಗಿ ನಿಂತು ಬಡಿಯುವುದು. ಬಡಿಯುವುದಕ್ಕೂ ಒಂದು ರೀತಿ ಇದೆ. ಸುಮ್ನೆ ಎತ್ತಿ ಎತ್ತಿ ಹೊಡೆದರೆ ಕಿಡಿ ಹಾರಿ ಹಿಂದೆ ಹತ್ತಿಕೊಳ್ಳುತ್ತದೆ. ಕೊಂಬೆಯನ್ನು ಬೆಂಕಿ ಮೇಲೆ ಒತ್ತಿ, ಸುಟ್ಟ ಕಡೆಗೆ ಎಳೆಯಬೇಕು. ಈಗ ಬೆನ್ನಿಗೆ ಹಾಕುವ ನೀರಿನ ಕ್ಯಾನ್, ಎಲೆ ಊದುವ ಬ್ಲೋವರ್ ಎಲ್ಲ ಬಂದಿವೆ. ಬ್ಲೋವರ್ ತುಂಬಾ ಉಪಯೋಗ. ಬೆಂಕಿ ಮುಂದಿನ ತರಗನ್ನು ಊದಿ ದಾರಿ ಖಾಲಿ ಮಾಡಬಹುದು.

ದೊಡ್ಡದಾದರೆ ಎದುರು ಬೆಂಕಿ ಕೊಡಬೇಕು. ಬೆಂಕಿ ಬರುವ ದಿಕ್ಕಿಗೆ ನಾವೇ ಒಂದು ಸಾಲು ಹಚ್ಚಿ, ಎರಡೂ ಸೇರಿ ಆರುವ ಹಾಗೆ ಮಾಡುವುದು. ಗಾಳಿ ಲೆಕ್ಕ ಗೊತ್ತಿರುವ ಅನುಭವಸ್ಥರು ಮಾತ್ರ ಮಾಡುವ ಕೆಲಸ ಅದು.

ಆರಿದ ಮೇಲೆಯೇ ಅಸಲಿ ಕೆಲಸ. ಒಣಗಿದ ಆನೆ ಲದ್ದಿ ನೋಡಿದ್ದೀರಾ? ಮೇಲೆ ಬೂದಿ ಕಾಣುತ್ತದೆ, ಒಳಗೆ ಗಂಟೆಗಟ್ಟಲೆ ಕೆಂಡ ಇರುತ್ತದೆ. ಸತ್ತ ಮರದ ಬುಡವೂ ಅಷ್ಟೇ. ಮಾರನೇ ದಿನ ಮಧ್ಯಾಹ್ನ ಗಾಳಿ ಎದ್ದಾಗ ಮತ್ತೆ ಉರಿಯುತ್ತದೆ. ಇಳಿಜಾರಾದರೆ ಆ ಲದ್ದಿ ಉರುಳಿಕೊಂಡು ಬೆಂಕಿ ರೇಖೆ ದಾಟಿ ಕೆಳಗಿನ ಹುಲ್ಲಿಗೆ ಬೀಳುತ್ತದೆ. ರಾತ್ರಿಯೆಲ್ಲ ಒಂದೊಂದೇ ಹುಡುಕಿ ಒಡೆದು ಮಣ್ಣು ಮುಚ್ಚಬೇಕು. ಟಿವಿಯವರು ಹೊರಟ ಮೇಲೆ ನಡೆಯುವ ಕೆಲಸ ಇದು.

ಹಂಗಳದ ಹುಡುಗ
ಬೆಂಕಿ ರೇಖೆ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ ಅಣ್ಣ. ನಮ್ಮ ಊರಲ್ಲಿ ಕೆಲವರಿಗೆ ಇಲಾಖೆಯವರೇ ಕಾಡು ಸುಡುತ್ತಾರೆ ಅನ್ನುವ ತಪ್ಪು ಕಲ್ಪನೆ ಇದೆ.

ಕಲ್ಕೆರೆ ಕಾವಲು
ಮಳೆ ನಿಂತ ಮೇಲೆ ರಸ್ತೆ, ಕಾಡಿನ ಗಡಿ, ವಲಯದ ಗಡಿ ಉದ್ದಕ್ಕೂ ಹುಲ್ಲು, ಪೊದೆ ಕಡಿದು ಒಣಗಲು ಬಿಡುತ್ತಾರೆ. ಆಮೇಲೆ ಗಾಳಿ ಇಲ್ಲದ ಹೊತ್ತಿನಲ್ಲಿ, ಜನ ನಿಂತು ಆ ಪಟ್ಟಿಯನ್ನು ಮಾತ್ರ ಸುಡುತ್ತಾರೆ. ಈಚೆ ಕಡೆ ಬೆಂಕಿ ಬಿದ್ದರೆ ಆಚೆ ಕಡೆ ಹೋಗದಿರಲಿ ಅಂತ. ಈ ಕೆಲಸ ಬೇಸಿಗೆ ಏರುವ ಮೊದಲೇ ಮುಗಿಯಬೇಕು. ತಡವಾದರೆ ರೇಖೆ ಸುಡುವುದೇ ಅಪಾಯ.

2018ರಲ್ಲಿ ಮಳೆ ಜೋರಿತ್ತು. ಕೊಡಗು, ಕೇರಳದಲ್ಲಿ ನೆರೆ ಬಂದ ವರ್ಷ ಅದು. ನಮ್ಮ ಕಡೆ ಹುಲ್ಲು ಆಳೆತ್ತರ ಬೆಳೆಯಿತು. ಆಮೇಲೆ ಒಣ ಹವೆ. ಅಷ್ಟೊಂದು ಹುಲ್ಲು ಒಣಗಿ ನಿಂತಿರುವಾಗ ರೇಖೆ ಕೆಲಸ ಒಂದು ವಾರ ಹಿಂದೆ ಬಿದ್ದರೂ ಏನಾಗುತ್ತದೆ ಅಂತ ನೀವೇ ಯೋಚಿಸಿ. ಮಳೆ ಚೆನ್ನಾಗಿ ಆದ ವರ್ಷವೇ ಬೇಸಿಗೆಗೆ ಜಾಸ್ತಿ ಹೆದರಬೇಕು.

ಕಬಿನಿ ಹಿನ್ನೀರು
ಈ ಮಾತನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಮಳೆ ಆಯಿತು, ಕಾಡು ಹಸಿರಾಗಿದೆ ಅಂತ ಎಲ್ಲರೂ ಮೈಮರೆಯುತ್ತಾರೆ.

ಬೈಕ್ ಸವಾರ
ಶಿವರಾತ್ರಿ ರಜೆಗೆ ಊಟಿಗೆ ಹೊರಟಿದ್ದೇವೆ. ಬಂಡೀಪುರ ರಸ್ತೆ ತೆರೆದಿದೆಯಾ? ರಾತ್ರಿ ಹೋಗಬಹುದಾ?

ಕಬಿನಿ ಹಿನ್ನೀರು
ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ. 2009ರಿಂದ ಇರುವ ನಿಯಮ. ಹಗಲಲ್ಲಿ ಹೋಗಿ. ಕಾಡಿನ ನಡುವೆ ಗಾಡಿ ನಿಲ್ಲಿಸಬೇಡಿ, ಸಿಗರೇಟು ಹಚ್ಚಬೇಡಿ.

ಬೈಕ್ ಸವಾರ
ಸರಿ ಸಾರ್, ಗೊತ್ತಾಯಿತು.

ಸಾಲುಮನೆ ಸರಳಾ
2019ರಲ್ಲಿ ನಮ್ಮ ಸ್ನೇಹಿತರ ಗುಂಪು ಬೆಂಗಳೂರಿಂದ ನೀರು, ಗ್ಲೂಕೋಸ್, ಬಾಳೆಹಣ್ಣು, ಬನ್ ತೆಗೆದುಕೊಂಡು ಹೋಗಿತ್ತು. ಸಿಬ್ಬಂದಿಯ ಮುಖ ನೋಡಿ ಕರುಳು ಚುರುಕ್ ಅಂದಿತು. ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಒಬ್ಬರ ಚಪ್ಪಲಿಯ ಅಟ್ಟೆ ಕರಗಿ ಅಂಚು ಮೇಲಕ್ಕೆ ಸುತ್ತಿಕೊಂಡಿತ್ತು, ಅದರಲ್ಲೇ ಮತ್ತೆ ಬೆಟ್ಟ ಹತ್ತಲು ಹೊರಟಿದ್ದರು. ಚಪ್ಪಲಿ! ಬೂಟು ಇಲ್ಲ! ಹೆಲಿಕಾಪ್ಟರ್ ತರಿಸುವ ಸರ್ಕಾರಕ್ಕೆ ಬೂಟು ಕೊಡಿಸಲು ಆಗಲ್ಲವಾ?

ಮತ್ತಿಮರ
ಒಳ್ಳೆಯ ಕೆಲಸ ಮಾಡಿದ್ದೀರಿ. ಆದರೆ ಆ ಸಲ ಸ್ವಯಂಸೇವಕರು ನೂರಾರು ಜನ ಬಂದರು, ಎಷ್ಟೋ ಮಂದಿಗೆ ಕಾಡಿನ ಪರಿಚಯವೇ ಇರಲಿಲ್ಲ. ಅಂಥವರನ್ನು ಕಾಯುವುದಕ್ಕೇ ಸಿಬ್ಬಂದಿ ಬೇಕಾಗುತ್ತದೆ.

2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಏನಾಯಿತು ನೆನಪಿದೆಯಾ? ಚಾರಣಕ್ಕೆ ಹೋಗಿದ್ದ 20ಕ್ಕೂ ಹೆಚ್ಚು ಜನ ಬೆಂಕಿಗೆ ಸಿಕ್ಕಿ ತೀರಿಕೊಂಡರು. ಬೆಟ್ಟದಲ್ಲಿ ಬೆಂಕಿ ಕೆಳಗಿನಿಂದ ಮೇಲಕ್ಕೆ ಓಡುತ್ತದೆ, ಅದೂ ಮನುಷ್ಯನಿಗಿಂತ ಜೋರಾಗಿ. ಗೊತ್ತಿಲ್ಲದವರು ಮೇಲಕ್ಕೆ ಓಡುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ. ಆಗಲೇ ಸುಟ್ಟು ಆರಿದ ಜಾಗಕ್ಕೆ ಹೋಗಿ ನಿಲ್ಲಬೇಕು ಅನ್ನುವುದು ಎಷ್ಟು ಜನಕ್ಕೆ ಗೊತ್ತಿದೆ?

ಕಲ್ಕೆರೆ ಕಾವಲು
ಗೊತ್ತಿದ್ದವರೂ ಉಳಿಯುವುದಿಲ್ಲ ಸಾರ್. 2017ರ ಫೆಬ್ರವರಿಯಲ್ಲಿ ನಮ್ಮ ಕಲ್ಕೆರೆ ವಲಯದಲ್ಲೇ ಒಬ್ಬ ಅರಣ್ಯ ರಕ್ಷಕ ಬೆಂಕಿ ಆರಿಸುವಾಗ ಜೀವ ಕಳೆದುಕೊಂಡ. ಚಿಕ್ಕ ವಯಸ್ಸು. ಆ ಜಾಗದ ಹತ್ತಿರ ಹೋದಾಗಲೆಲ್ಲ ನಮಗೆ ಮಾತು ಬರುವುದಿಲ್ಲ.

ಸಕಲೇಶಪುರ ಕಾಫಿ
ನಮ್ಮ ಕಡೆಯೂ ಆಯಿತು. 2023ರ ಫೆಬ್ರವರಿಯಲ್ಲಿ ಕಾಡುಮನೆ ಹತ್ತಿರ. ಅವರೂ ಅರಣ್ಯ ರಕ್ಷಕರೇ. ಘಟ್ಟದ ಹುಲ್ಲುಗಾವಲಿನ ಇಳಿಜಾರು ಅಂದರೆ ನಿಂತುಕೊಳ್ಳಲೂ ಕಷ್ಟ, ಅಲ್ಲಿ ಬೆಂಕಿ ಜೊತೆ ಓಡಬೇಕು.

ಸಾಲುಮನೆ ಸರಳಾ
ದೇವರೇ. ಹಾಗಾದರೆ ದೂರದಲ್ಲಿರುವ ನಾವು ಏನು ಕೊಡಬೇಕು ಹೇಳಿ. ಬನ್ ಬೇಡ ಅಂದರೆ ಬೇಡ.

ಕಲ್ಕೆರೆ ಕಾವಲು
ಅಕ್ಕ, ಬನ್ ಕೊಟ್ಟವರನ್ನು ನಾವು ಮರೆತಿಲ್ಲ. ಆದರೆ ಬೆಂಕಿ ಬಿದ್ದ ಮೇಲೆ ಎಲ್ಲರೂ ಒಂದೇ ದಿನ ತಂದರು, ರಾಶಿ ಬಿತ್ತು, ಪ್ಲಾಸ್ಟಿಕ್ ಬಾಟಲಿ ಎಲ್ಲೆಲ್ಲೂ ಉಳಿಯಿತು. ಜನವರಿಯಲ್ಲೇ ಬೂಟು, ದಪ್ಪ ಹತ್ತಿ ಬಟ್ಟೆ, ಹೆಡ್ ಟಾರ್ಚ್, ನೀರು ಹೊರುವ ಉಕ್ಕಿನ ಬಾಟಲಿ ಬಂದರೆ ಅದು ಕೆಲಸಕ್ಕೆ ಬರುತ್ತದೆ. ವಲಯ ಕಚೇರಿಗೆ ಮೊದಲು ಕೇಳಿ, ಆಮೇಲೆ ಕಳಿಸಿ. ನೈಲಾನ್ ಬಟ್ಟೆ ಮಾತ್ರ ಬೇಡವೇ ಬೇಡ, ಕಿಡಿ ಬಿದ್ದರೆ ಮೈಗೆ ಅಂಟಿಕೊಳ್ಳುತ್ತದೆ.

ನೀಲಿ ಆಕಾಶ
ಹೆಲಿಕಾಪ್ಟರ್ ಬಂದ ಮೇಲೆ ತಾನೇ ಆರಿದ್ದು? ಮೊದಲ ದಿನವೇ ಕರೆಸಬೇಕಿತ್ತು.

ಮತ್ತಿಮರ
ಸಹಾಯ ಆಯಿತು, ಇಲ್ಲ ಅನ್ನಲ್ಲ. ಮನುಷ್ಯರು ಹತ್ತಲಾಗದ ಕಡಿದಾದ ಜಾಗದಲ್ಲಿ ಅದೇ ಗತಿ. ಉತ್ತರಾಖಂಡದಲ್ಲೂ 2016ರಲ್ಲಿ ಎಂಐ-17 ಬಳಸಿದ್ದರು. ಆದರೆ ಒಂದು ಸಲಕ್ಕೆ ಅದು ತರುವುದು ಕೆಲವು ಸಾವಿರ ಲೀಟರ್. ನೀರು ತುಂಬಲು ಹತ್ತಿರದಲ್ಲಿ ಆಳವಾದ ಕೆರೆ ಬೇಕು. ಹೊಗೆ ದಟ್ಟವಾಗಿದ್ದರೆ ಪೈಲಟ್‌ಗೆ ಏನೂ ಕಾಣಲ್ಲ. ಸುರಿದ ನೀರು ಕಿಲೋಮೀಟರ್‌ಗಟ್ಟಲೆ ಉದ್ದದ ಬೆಂಕಿ ಸಾಲಿನ ಒಂದು ತುಂಡಿನ ಮೇಲೆ ಬೀಳುತ್ತದೆ. ಕೆಳಗೆ ಜನ ಇದ್ದು ಆ ತುಂಡನ್ನು ಪೂರ್ತಿ ಆರಿಸದಿದ್ದರೆ ಮತ್ತೆ ಏಳುತ್ತದೆ.

ನೀಲಿ ಆಕಾಶ
ಉಪಗ್ರಹದಿಂದ ತಕ್ಷಣ ಗೊತ್ತಾಗುತ್ತದೆ ಅಂತ ಓದಿದ್ದೆ. ಗೊತ್ತಾದ ಮೇಲೂ ಯಾಕೆ ಅಷ್ಟು ದೊಡ್ಡದಾಗುತ್ತದೆ?

ನಕ್ಷೆಗಾರ
ನಕ್ಷೆ ಕೆಲಸದಲ್ಲಿರುವವನು ನಾನು, ಇದಕ್ಕೆ ಉತ್ತರ ಹೇಳುತ್ತೇನೆ. ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆ ಬೆಂಕಿ ಎಚ್ಚರಿಕೆ ಕಳಿಸುತ್ತದೆ. ಹೆಸರು ನೋಂದಾಯಿಸಿದರೆ ಸಾಮಾನ್ಯ ಜನರಿಗೂ ಎಸ್ಎಂಎಸ್ ಬರುತ್ತದೆ. ಅದಕ್ಕೆ ಮುಖ್ಯವಾಗಿ ಎರಡು ಉಪಕರಣಗಳ ಮಾಹಿತಿ ಬಳಸುತ್ತಾರೆ. ಮೋಡಿಸ್ ಅನ್ನುವುದಕ್ಕೆ ಒಂದು ಚುಕ್ಕೆ ಅಂದರೆ ಒಂದು ಕಿಲೋಮೀಟರ್ ಚೌಕ. ವಿಐಐಆರ್‌ಎಸ್ ಅನ್ನುವುದಕ್ಕೆ 375 ಮೀಟರ್. ಈ ವಿಐಐಆರ್‌ಎಸ್ ಹೊತ್ತ ಸುಓಮಿ ಉಪಗ್ರಹ ಒಂದು ಜಾಗದ ಮೇಲೆ ಮಧ್ಯಾಹ್ನ ಒಂದೂವರೆ ಸುಮಾರಿಗೆ ಒಮ್ಮೆ, ರಾತ್ರಿ ಒಂದೂವರೆ ಸುಮಾರಿಗೆ ಒಮ್ಮೆ ಹೋಗುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಹತ್ತಿದ ಬೆಂಕಿಯನ್ನು ಅದು ನೋಡುವುದು ರಾತ್ರಿಗೆ. ಅಷ್ಟರಲ್ಲಿ ಬೆಟ್ಟ ದಾಟಿರುತ್ತದೆ.

ಇಲಾಖೆ ಬೆಂಕಿ ರೇಖೆ ಸುಟ್ಟರೂ ನಕ್ಷೆಯಲ್ಲಿ ಕೆಂಪು ಚುಕ್ಕೆ ಬರುತ್ತದೆ, ರೈತರು ಕಬ್ಬಿನ ತರಗು ಸುಟ್ಟರೂ ಬರುತ್ತದೆ. ಯಾವುದು ಯಾವುದು ಅಂತ ಸ್ಥಳದಲ್ಲಿರುವವರೇ ಹೇಳಬೇಕು. ಎತ್ತರದ ಗೋಪುರದ ಮೇಲೆ ಕೂತ ಕಾವಲುಗಾರನ ಕಣ್ಣಿಗೆ ಹೊಗೆ ಕೆಲವೇ ನಿಮಿಷದಲ್ಲಿ ಬೀಳುತ್ತದೆ. ಈಗಲೂ ಅವನೇ ವೇಗ.

ರಾಗಿ ಹೊಲ
ಆ ಗೋಪುರದ ಮೇಲೆ ಕೂರುವವನು ಯಾರು ಕೇಳಿ. ಬೇಸಿಗೆಗೆ ಮಾತ್ರ ಕೂಲಿಗೆ ತೆಗೆದುಕೊಂಡ ಹುಡುಗ. ನಮ್ಮ ಚಿಕ್ಕಪ್ಪನ ಮಗ ಒಂದು ಬೇಸಿಗೆ ಹೋಗಿದ್ದ. ಕೂಲಿ ಕೈಗೆ ಬಂದಿದ್ದು ಮಳೆಗಾಲ ಶುರುವಾದ ಮೇಲೆ. ಮಾರನೇ ವರ್ಷ ಹೋಗಲಿಲ್ಲ, ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಹೋದ. ಅವನಿಗೆ ಕಾಡಿನ ದಾರಿ, ಹಳ್ಳ, ಗಾಳಿ ಎಲ್ಲ ಗೊತ್ತಿತ್ತು. ಅಂಥವನನ್ನು ಕಳೆದುಕೊಂಡು ಡ್ರೋನ್ ತಂದರೆ ಏನು ಬಂತು?

ಐಟಿ ಕಾರಿಡಾರ್
ಇದನ್ನು ಪೂರ್ತಿ ಒಪ್ಪುತ್ತೇನೆ. ಕಾವಲಿನವರಿಗೆ ತಿಂಗಳು ತಿಂಗಳು ಸಂಬಳ, ವಿಮೆ ಎರಡೂ ಆಗಲೇಬೇಕು.

ದೂರದೂರು ಮೆಲ್ಬರ್ನ್
ಇಲ್ಲಿ 2019-20ರ ಬೇಸಿಗೆಯಲ್ಲಿ ವಾರಗಟ್ಟಲೆ ಹೊಗೆ ಕುಡಿದವರು ನಾವು. ಸೂರ್ಯ ಕಿತ್ತಳೆ ಬಣ್ಣದಲ್ಲಿ ಕಾಣುತ್ತಿದ್ದ. ಇಲ್ಲಿ ಸರ್ಕಾರವೇ ತಂಪು ಹವೆ ಇರುವಾಗ ಕಾಡನ್ನು ಪಾಲು ಪಾಲಾಗಿ ಸುಡುತ್ತದೆ. ಇಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷ ಹೀಗೇ ಮಾಡುತ್ತಿದ್ದರು. ನಮ್ಮಲ್ಲಿ ಯಾಕೆ ಮಾಡಬಾರದು?

ಸಕಲೇಶಪುರ ಕಾಫಿ
ಅಲ್ಲಿಯದು ನೀಲಗಿರಿ ಮರದ ಕಾಡು. ಎಣ್ಣೆ ತುಂಬಿದ ಎಲೆ, ಬೆಂಕಿ ತುದಿಯಿಂದ ತುದಿಗೆ ಹಾರುತ್ತದೆ. ಬಂಡೀಪುರದಲ್ಲಿ ಉರಿಯುವುದು ನೆಲದ ಹುಲ್ಲು, ತರಗು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಬಿಳಿಗಿರಿ ಮಗಳು
ಮೆಲ್ಬರ್ನ್ ತನಕ ಯಾಕೆ ಹೋಗಬೇಕು? ನಾವು ಸೋಲಿಗರು. ನಮ್ಮ ತಾತ ತರಗು ಬೆಂಕಿ ಬಗ್ಗೆ ಹೇಳುತ್ತಿದ್ದರು. ಚಳಿಗಾಲ ಮುಗಿಯುವ ಮುಂಚೆ, ನೆಲದಲ್ಲಿ ಇನ್ನೂ ತೇವ ಇರುವಾಗ, ಉದುರಿದ ತರಗಿಗೆ ಹಚ್ಚುತ್ತಿದ್ದರು. ಬೆಂಕಿ ಮೊಣಕಾಲೆತ್ತರ ಮೀರುತ್ತಿರಲಿಲ್ಲ. ನಿಧಾನವಾಗಿ ಹರಿದು ತಾನೇ ಆರುತ್ತಿತ್ತು. ಮರಕ್ಕೆ ಏನೂ ಆಗುತ್ತಿರಲಿಲ್ಲ. ಓಡಾಡಲು ದಾರಿ ಕಾಣುತ್ತಿತ್ತು, ಗೆಡ್ಡೆ ಗೆಣಸು ಸಿಗುತ್ತಿತ್ತು, ನೆಲ್ಲಿ ಮರಕ್ಕೆ ಹತ್ತುವ ಉಪ್ಪಿಲು, ಅಂದರೆ ಬಂದಳಿಕೆ, ಕಡಿಮೆ ಇರುತ್ತಿತ್ತು.

1974ರಲ್ಲಿ ಬಿಳಿಗಿರಿ ಅಭಯಾರಣ್ಯ ಆಯಿತು, ತರಗು ಬೆಂಕಿ ನಿಂತಿತು. ಆಮೇಲೆ ಲಂಟಾನ ಏರಿಕೊಂಡು ಬಂತು. ಬೆಂಕಿ ನಿಲ್ಲಿಸಿದ್ದರಿಂದಲೇ ಲಂಟಾನ ಹಬ್ಬಿತು ಅಂತ ನಮ್ಮ ಹಿರಿಯರು ಹೇಳುತ್ತಾರೆ, ಅಲ್ಲಿ ಕೆಲಸ ಮಾಡಿದ ಸಂಶೋಧಕರೂ ಅದನ್ನು ಬರೆದಿದ್ದಾರೆ. 2011ರಲ್ಲಿ ನಮ್ಮ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಆದರೂ ಬೆಂಕಿ ವಿಷಯ ಬಂದರೆ ನಮ್ಮ ಮಾತು ಕೇಳುವವರು ಕಡಿಮೆ. ಎಲ್ಲಾದರೂ ಹೊಗೆ ಎದ್ದರೆ ಮೊದಲು ನಮ್ಮ ಪೋಡಿಗೆ ಬಂದು ವಿಚಾರಿಸುತ್ತಾರೆ. ಅದು ನೋವಾಗುತ್ತದೆ.

ಮತ್ತಿಮರ
ತಂಗಿ, ನೀವು ಹೇಳಿದ್ದನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಆದರೆ ಈಗಿನ ಬಂಡೀಪುರದಲ್ಲಿ ಅದೇ ರೀತಿ ಹಚ್ಚಿದರೆ ಮೊಣಕಾಲೆತ್ತರದಲ್ಲಿ ನಿಲ್ಲುವುದಿಲ್ಲ. ಲಂಟಾನ ಪೊದೆ ಆಳೆತ್ತರ ಇದೆ, ಬಳ್ಳಿಯ ಹಾಗೆ ಮರಕ್ಕೂ ಹತ್ತಿದೆ. ಬೆಂಕಿ ಅದನ್ನೇ ಏಣಿ ಮಾಡಿಕೊಂಡು ಮೇಲೆ ಹೋಗುತ್ತದೆ. ಸುಟ್ಟ ಮೇಲೆ ಆ ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ, ಅದರ ಜಾಗದಲ್ಲಿ ಬರಬೇಕಿದ್ದ ಮತ್ತಿ, ಹೊನ್ನೆ, ದಿಂಡಿಗದ ಸಸಿ ಸತ್ತಿರುತ್ತದೆ. ಮೊದಲು ಲಂಟಾನವನ್ನು ಬೇರು ಸಮೇತ ಕೀಳಬೇಕು. ಆಮೇಲೆ ಬೆಂಕಿಯ ಮಾತು.

ಬಿಳಿಗಿರಿ ಮಗಳು
ಬೇರು ಕೀಳುವ ಕೆಲಸ ನಮ್ಮವರೇ ಮಾಡುತ್ತಿದ್ದಾರೆ ಅಣ್ಣ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನದಿಂದ ಕುರ್ಚಿ, ಮೇಜು, ದೊಡ್ಡ ದೊಡ್ಡ ಆನೆಯ ಆಕೃತಿ ಎಲ್ಲ ಮಾಡುತ್ತಾರೆ. ಕೀಳುವುದನ್ನೂ, ಸುಡುವುದನ್ನೂ ಒಟ್ಟಿಗೆ ಯೋಚನೆ ಮಾಡಿ ಅಂತಷ್ಟೇ ನಾವು ಕೇಳುವುದು. ಎಲ್ಲ ಬೆಂಕಿಯೂ ಒಂದೇ ಅಂತ ಬರೆಯಬೇಡಿ.

ಮತ್ತಿಮರ
ಅದನ್ನು ಒಪ್ಪುತ್ತೇನೆ. ಜನವರಿಯ ಬೆಂಕಿ ಬೇರೆ, ಮಾರ್ಚ್‌ನ ಬೆಂಕಿ ಬೇರೆ.

ಹಂಗಳದ ಹುಡುಗ
ನಮ್ಮ ಮಾವನಿಗೆ ಏನು ಹೇಳಲಿ? ಹೊಸ ಹುಲ್ಲು ಬರುತ್ತದೆ ಅನ್ನುವ ಮಾತು ಸುಳ್ಳಾ?

ಮತ್ತಿಮರ
ಸುಳ್ಳಲ್ಲ. ಮೊದಲ ಮಳೆ ಬಿದ್ದರೆ ಸುಟ್ಟ ಜಾಗವೇ ಎಲ್ಲಕ್ಕಿಂತ ಮೊದಲು ಹಸಿರಾಗುತ್ತದೆ. ಜಿಂಕೆ, ಕಾಟಿ ಅಲ್ಲಿಗೇ ಬರುತ್ತವೆ. 2019ರ ಬೇಸಿಗೆ ಮಳೆ ಆದ ಮೇಲೂ ಅದೇ ಆಯಿತು, ಪ್ರವಾಸಿಗರು ಫೋಟೋ ತೆಗೆದು "ಕಾಡು ಚೇತರಿಸಿಕೊಂಡಿದೆ" ಅಂತ ಹಾಕಿದರು. ಹುಲ್ಲು ಚೇತರಿಸಿಕೊಂಡಿದ್ದು ನಿಜ.

ಮರಗಳ ಕಥೆಗೆ ಪಕ್ಕದ ಮುದುಮಲೆ ನೋಡಿ. ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 50 ಹೆಕ್ಟೇರ್ ಜಾಗದಲ್ಲಿ 1988ರಿಂದ ಒಂದೊಂದು ಮರವನ್ನೂ ಅಳೆಯುತ್ತಾ ಬಂದಿದ್ದಾರೆ. ದಪ್ಪ ತೊಗಟೆಯ ದೊಡ್ಡ ಮರಗಳು ಬೆಂಕಿ ತಡೆದುಕೊಳ್ಳುತ್ತವೆ. ಸಾಯುವುದು ಸಣ್ಣ ಗಿಡಗಳು. ಒಂದು ಸಲ ಸುಟ್ಟರೆ ಕೆಲವು ಬುಡದಿಂದ ಮತ್ತೆ ಬರುತ್ತವೆ. ಎರಡು ಮೂರು ವರ್ಷಕ್ಕೊಮ್ಮೆ ಸುಡುತ್ತಲೇ ಇದ್ದರೆ ಯಾವ ಗಿಡವೂ ಬೆಂಕಿಗಿಂತ ಎತ್ತರ ಬೆಳೆಯುವಷ್ಟು ಸಮಯ ಸಿಗುವುದಿಲ್ಲ. ಇವತ್ತು ಕಾಡು ಚೆನ್ನಾಗಿಯೇ ಕಾಣುತ್ತದೆ. ಈಗಿನ ಮರ ಬಿದ್ದ ಮೇಲೆ ಆ ಜಾಗಕ್ಕೆ ಬರುವವು ಇಲ್ಲ. ನಿಮ್ಮ ಮಾವನಿಗೆ ಇದನ್ನು ಹೇಳಿ.

ಕಬಿನಿ ಹಿನ್ನೀರು
ಇನ್ನೊಂದು ಸೇರಿಸಿ. ಬೆಟ್ಟದ ಮೇಲಿನ ಹುಲ್ಲು ಸುಟ್ಟು ಬೋಳಾದ ಮೇಲೆ ಜೋರು ಮಳೆ ಬಿದ್ದರೆ ಮೇಲ್ಮಣ್ಣು, ಬೂದಿ ಎಲ್ಲ ಹಳ್ಳಕ್ಕೆ ಇಳಿಯುತ್ತದೆ, ಕೆರೆಯಲ್ಲಿ ಹೂಳು ತುಂಬುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಆನೆಗಳು ಕುಡಿಯಬೇಕಿರುವ ಕೆರೆ ಅದು. ಮೇವು ಸುಟ್ಟುಹೋದರೆ, ನೀರೂ ಇಲ್ಲದಿದ್ದರೆ ಆನೆ ಎಲ್ಲಿಗೆ ಹೋಗಬೇಕು? ರಾಗಿ ಹೊಲ ಅವರ ಜಮೀನಿಗೇ.

ರಾಗಿ ಹೊಲ
ಸರಿಯಾಗಿ ಹೇಳಿದಿರಿ. ಕಾಡಿಗೆ ಬೆಂಕಿ ಹಚ್ಚಿದವನು ನನ್ನ ಬೆಳೆಗೇ ಆನೆ ಅಟ್ಟಿದ ಹಾಗೆ. ಇದನ್ನು ನಮ್ಮೂರ ಅರಳಿಕಟ್ಟೆಯಲ್ಲಿ ಹೇಳುತ್ತೇನೆ. ಇಷ್ಟು ನೇರವಾಗಿ ಇಲಾಖೆಯವರೂ ನಮಗೆ ಹೇಳಿರಲಿಲ್ಲ.

ಪ್ರಶ್ನೆ ಪೆಟ್ಟಿಗೆ
ಹಚ್ಚಿದವರಿಗೆ ಶಿಕ್ಷೆ ಆಗುತ್ತದಾ? ಕಾನೂನು ಏನು?

ನಕ್ಷೆಗಾರ
1972ರ ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು, ಅಪಾಯವಾಗುವ ಹಾಗೆ ಉರಿಯಲು ಬಿಟ್ಟು ಹೋಗುವುದು ಎರಡೂ ಅಪರಾಧ. ಕರ್ನಾಟಕ ಅರಣ್ಯ ಕಾಯ್ದೆ 1963 ಬೇರೆ ಇದೆ. ಸಾಬೀತು ಮಾಡುವುದು ಕಷ್ಟ. ಕಡ್ಡಿ ಗೀರಿದ್ದನ್ನು ನೋಡಿದವರು ಇರಲ್ಲ, ಸಾಕ್ಷಿ ಬೂದಿಯಾಗಿರುತ್ತದೆ.

ಐಟಿ ಕಾರಿಡಾರ್
ಅದಕ್ಕೇ ಕ್ಯಾಮೆರಾ ಬೇಕು.

ರಾಗಿ ಹೊಲ
ಊರಿನವರು ಬಾಯಿ ಬಿಟ್ಟರೆ ಕ್ಯಾಮೆರಾ ಬೇಡ. ಊರಿನವರ ಜೊತೆ ಒಳ್ಳೆಯ ಮಾತಿದ್ದರೆ ಬಾಯಿ ಬಿಡುತ್ತಾರೆ.

ಹಂಗಳದ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ನಮ್ಮ ಯುವಕ ಸಂಘದವರು ಸೇರುತ್ತಿದ್ದೇವೆ. ದನ ಮೇಯಿಸುವ ಹಿರಿಯರನ್ನೂ ಕರೆಯುತ್ತಿದ್ದೇವೆ, ಮಾವನೂ ಬರುತ್ತಾರೆ. ಊರಿನ ಕಡೆಯ ಕಾಡಂಚಿನಲ್ಲಿ ಹುಲ್ಲು ಕಡಿಯಲು ಜನ ಕೊಡುತ್ತೇವೆ ಅಂತ ವಲಯ ಕಚೇರಿಗೆ ಪತ್ರ ಕೊಡುವ ಯೋಚನೆ ಇದೆ. ಕಲ್ಕೆರೆ ಕಾವಲು ಅಣ್ಣ, ನೀವು ಬಂದು ಹುಡುಗರಿಗೆ ಸ್ವಲ್ಪ ಹೇಳಿಕೊಡಲು ಆಗುತ್ತದಾ?

ಕಲ್ಕೆರೆ ಕಾವಲು
ಬರುತ್ತೇನೆ. ಬೆಳಿಗ್ಗೆ ಎಂಟಕ್ಕೆ ಮುಂಚೆ ಇಟ್ಟುಕೊಳ್ಳಿ, ಆಮೇಲೆ ನನಗೆ ಪಾಳಿ ಇದೆ. ಪತ್ರದಲ್ಲಿ ಒಂದು ಸಾಲು ತಪ್ಪದೆ ಬರೆಯಿರಿ: ಸಿಬ್ಬಂದಿ ಜೊತೆಗಿಲ್ಲದೆ ಯಾರೂ ಒಳಗೆ ಹೋಗಲ್ಲ, ಯಾರೂ ತಾವಾಗಿ ಬೆಂಕಿ ಹಚ್ಚಲ್ಲ ಅಂತ. ಹೊಗೆ ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ ಮಾಡಿ. ಮಾಡಿದಾಗ ಊರ ಹೆಸರಿನ ಜೊತೆ ಹತ್ತಿರದ ಕೆರೆ ಅಥವಾ ಗುಡ್ಡದ ಹೆಸರನ್ನೂ ಹೇಳಿ, ಬೇಗ ಹುಡುಕಬಹುದು.

ಸಾಲುಮನೆ ಸರಳಾ
ಬೂಟಿನ ಅಳತೆ ಪಟ್ಟಿ ಯಾರ ಹತ್ತಿರ ಕೇಳಲಿ? ನಮ್ಮ ಗುಂಪಿನವರು ಈ ವಾರವೇ ಹೊಂದಿಸಲು ತಯಾರಿದ್ದಾರೆ.

ಕಲ್ಕೆರೆ ಕಾವಲು
ನಾಳೆ ವಲಯ ಕಚೇರಿಯಲ್ಲಿ ಕೇಳಿ ಇಲ್ಲೇ ಹಾಕುತ್ತೇನೆ ಅಕ್ಕ. ಏಳು, ಎಂಟನೇ ಸೈಜು ಜಾಸ್ತಿ ಬೇಕಾಗಬಹುದು.